ಜೇಡವಾಣಿ ಗಂಡು ಒಪ್ಪಿದ ದಿನ

ಕೋದಂಡ ಹೊಸ ಯಂತ್ರ ಮಾಡಿದ್ದಾನೆ ಅಂತ ಗೊತ್ತಾದ ಕೂಡಲೇ ಅವನ ಅಕ್ಕ ಬನಶಂಕರಮ್ಮ ಎರಡು ಕೆಲಸ ಮಾಡುತ್ತಾರೆ. ಮೊದಲು ಒಲೆ ಮೇಲಿನ ಹಾಲು ಇಳಿಸುತ್ತಾರೆ. ಆಮೇಲೆ ಮೇನ್ ಸ್ವಿಚ್ಚಿನ ಪಕ್ಕ ಹೋಗಿ ನಿಂತುಕೊಳ್ಳುತ್ತಾರೆ. ಎಲ್ಲ ಅನುಭವ ಕಲಿಸಿದ ಬುದ್ಧಿ! ಹೋದ ಸಲದ ಚಪಾತಿ ಯಂತ್ರ ಚಪಾತಿಯನ್ನೇನೋ ದುಂಡಗೆ ಲಟ್ಟಿಸಿತ್ತು. ಆದರೆ ಲಟ್ಟಿಸಿದ್ದನ್ನೆಲ್ಲ ಕಿಟಕಿಯಿಂದ ಬೀಸಿ ಎದುರುಮನೆಯ ತಾರಸಿಗೆ ರವಾನಿಸಿತ್ತು. ಎದುರುಮನೆಯವರು ಸಂಜೆ ಪಲ್ಯ ಕೇಳಿಕೊಂಡು ಬಂದಿದ್ದರು.

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗ ಕೆಟ್ಟರೆ ಎಲ್ಲರೂ ಕೋದಂಡನನ್ನೇ ಹುಡುಕಿಕೊಂಡು ಹೋಗುತ್ತಾರೆ. ಕೆಟ್ಟಿದ್ದನ್ನು ಸರಿಮಾಡುವುದು ಅವನ ಕಸುಬು. ಸರಿಯಾಗಿರುವುದನ್ನು ಕೆಡಿಸುವುದು ಅವನ ಹವ್ಯಾಸ. ಆ ಹವ್ಯಾಸವನ್ನೆಲ್ಲ ಅವನು ತೀರಿಸಿಕೊಳ್ಳುವುದು ಮಾತ್ರ ಅಕ್ಕನ ಮನೆಯಲ್ಲಿ!

ಅವತ್ತು ಮಗ್ಗದ ಕೋಣೆಯ ಬೆಂಚಿನ ಮೇಲೆ ಒಂದು ಗಾಜಿನ ತೊಟ್ಟಿ. ತೊಟ್ಟಿಯ ಸುತ್ತ ವೈರುಗಳು, ಪಕ್ಕದಲ್ಲಿ ಯಾವುದೋ ಕಾಲದ ಸ್ಪೀಕರ್ರು. ತೊಟ್ಟಿಯೊಳಗೆ ಮಣ್ಣಿನ ಮೇಲೆ ಕೂತಿತ್ತು ರೇಷ್ಮೆ. ರೇಷ್ಮೆ ಅಂದರೆ ಸೀರೆಯಲ್ಲ ಸ್ವಾಮಿ, ಜೇಡ! ಅಂಗೈ ಅಗಲ, ಮೈತುಂಬ ಕೂದಲು, ನೋಡಿದವರ ಎದೆ ಝಲ್ಲೆನ್ನುವಂಥ ಟ್ಯಾರಂಟುಲಾ. ಬನಶಂಕರಮ್ಮನ ಮಗಳು ಹೇಮಲತಾ ಸಾಕಿದ ಹೆಣ್ಣು ಜೇಡ.

"ಅಕ್ಕಾ, ಕಣ್ಣು ಮುಚ್ಚು" ಅಂದ ಕೋದಂಡ.

"ಮುಚ್ಚಲ್ಲ. ನಿನ್ನ ಯಂತ್ರದ ಮುಂದೆ ಕಣ್ಣು ಮುಚ್ಚೋಷ್ಟು ಧೈರ್ಯ ನನಗಿಲ್ಲ. ಅದೇನು ಬೊಗಳು."

"ಇದು... ಜೇಡವಾಣಿ! ಜೇಡಕ್ಕೆ ಕಿವಿ ಇಲ್ಲ ಅಕ್ಕಾ, ಕಾಲೇ ಕಿವಿ. ನೆಲ ಎಷ್ಟು ಸಣ್ಣಗೆ ಅದುರಿದರೂ ಅದಕ್ಕೆ ಗೊತ್ತಾಗುತ್ತೆ. ಎಳೆ ತುಂಡಾದರೆ ಮಗ್ಗ ನಿಲ್ಲಿಸೋ ಕಡ್ಡಿ ಇರುತ್ತಲ್ಲ, ಅಂಥವನ್ನ ತೊಟ್ಟಿ ಮಣ್ಣಲ್ಲಿ ಹೂತಿದೀನಿ. ರೇಷ್ಮೆ ಕಾಲು ಅಲ್ಲಾಡಿಸಿದ್ದನ್ನ ಯಂತ್ರ ಹಿಡಿದು ಕನ್ನಡದಲ್ಲಿ ಹೇಳುತ್ತೆ!"

ಹೀಗೆಂದವನೇ ಬೆಂಕಿಪೊಟ್ಟಣ ತೆಗೆದು ಒಂದು ಜಿರಳೆಯನ್ನು ತೊಟ್ಟಿಗೆ ಬಿಟ್ಟ. ರೇಷ್ಮೆಯ ಮುಂಗಾಲು ಮೆಲ್ಲಗೆ ಮೇಲೆದ್ದಿತು. ಸ್ಪೀಕರ್ರು ಗೊರಗೊರ ಅಂತು. ಆಮೇಲೆ ಕೋಣೆಯೇ ಅದುರುವ ಹಾಗೆ ಕೂಗಿತು: "ಊಟ ಬಂತು! ಊಟ ಬಂತು!"

ಬನಶಂಕರಮ್ಮ ಬೆಚ್ಚಿಬಿದ್ದರು. "ಅಯ್ಯೋ ನನ್ನ ಶಿವನೇ! ಇದು ನನ್ನ ಧ್ವನಿ!"

"ಹೌದಲ್ವಾ ಮತ್ತೆ! ಮಗ್ಗದ ಗಲಾಟೆ ಮೇಲೂ ಕೇಳಿಸೋ ಗಂಟಲು ಈ ಊರಲ್ಲಿ ನಿಂದೊಂದೇ. ನೀನು ಫೋನಲ್ಲಿ ಚಿಕ್ಕಕ್ಕನ ಹತ್ರ ಮಾತಾಡ್ತಿದ್ದಾಗ ರೆಕಾರ್ಡ್ ಮಾಡ್ಕೊಂಡೆ. ರೇಷ್ಮೆಗೆ ಬೇಕಾದ ಮಾತೆಲ್ಲ ಅದರಲ್ಲೇ ಸಿಕ್ತು. ಊಟ ಬಂತು, ನೀರು ಬಂತು, ಗಂಡು ಬಂತು, ಒಪ್ಪಿಗೆ, ಶನಿ ಬಂತು. ಜೇಡದ ಸಂಸಾರಕ್ಕೆ ಇನ್ನೇನು ಬೇಕು? ಶನಿ ಅಂದ್ರೆ ಶತ್ರು ಅಂತ ಇಟ್ಕೊಂಡಿದೀನಿ. ಅಂದಹಾಗೆ ಶನಿ ಬಂತು ಅಂತ ಯಾರಿಗೆ ಅಂದಿದ್ದೆ ಅಕ್ಕಾ?"

"ನಿನಗೇ ಕಣೋ! ಬಾಗಿಲಲ್ಲಿ ನೀನು ಕಾಣಿಸಿದೆ, ಅಂದೆ!"

ಕೋದಂಡನಿಗೆ ಬೇಸರವೇನೂ ಆಗಲಿಲ್ಲ. ವಿಜ್ಞಾನಕ್ಕೆ ತನ್ನಿಂದ ಒಂದು ಪದ ಸಿಕ್ಕಿತಲ್ಲ ಅಂತ ಹಿಗ್ಗಿದ.

ಈ ರೇಷ್ಮೆ ಮನೆಗೆ ಬಂದದ್ದೇ ಒಂದು ಕತೆ. ಹೇಮಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಡಮ್ಮು. ಅವಳ ಜೊತೆಯಲ್ಲಿದ್ದ ಒಬ್ಬಾಕೆ "ಊರಿಗೆ ಹೋಗಿ ಬರ್ತೀನಿ, ಒಂದು ವಾರ ನೋಡ್ಕೊಳ್ಳೆ" ಅಂತ ತೊಟ್ಟಿ ಕೊಟ್ಟು ಹೋದವಳು ಇವತ್ತಿಗೂ ಬಂದಿಲ್ಲ. ಜೇಡ ಉಚ್ಚೆ ಹೊಯ್ದರೆ ಮೈಯೆಲ್ಲ ಹುಣ್ಣಾಗುತ್ತೆ ಅಂತ ನಂಬಿಕೊಂಡು ಬಂದ ಬನಶಂಕರಮ್ಮ ಮೊದಲ ತಿಂಗಳು ಆ ಕೋಣೆಯ ಕಡೆ ತಲೆಯಿಟ್ಟೂ ಮಲಗಲಿಲ್ಲ.

ಆಮೇಲಾಮೇಲೆ ಗೊತ್ತಾಯಿತು, ಇದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಬೊಗಳಲ್ಲ, ಕೂಗಲ್ಲ, ಹಾಲಿಗೆ ಬಾಯಿ ಹಾಕಲ್ಲ. ಬೆಳಿಗ್ಗೆ ಎಲ್ಲಿ ಕೂತಿತ್ತೋ ಸಂಜೆಗೂ ಅಲ್ಲೇ. ಸೀಸೆಯ ಮುಚ್ಚಳದಲ್ಲಿ ನೀರಿಟ್ಟರೆ ಸಾಕು. ಸಿಟ್ಟು ಬಂದರೆ ಮಾತ್ರ ಹಿಂಗಾಲಲ್ಲಿ ಬೆನ್ನು ಕೆರೆದು ಕೂದಲು ಹಾರಿಸುತ್ತೆ. ಅದು ತಾಗಿದವರು ಆ ದಿನವೆಲ್ಲ ಪರಪರ ಕೆರೆದುಕೊಳ್ಳಬೇಕು. ಊಟ ಹಾಕಿದರೆ ಮನಸ್ಸಿದ್ದರೆ ತಿನ್ನುತ್ತೆ, ಇಲ್ಲವಾದರೆ ತಿಂಗಳುಗಟ್ಟಲೆ ಉಪವಾಸ. "ಏಕಾದಶಿ ಮಾಡೋರನ್ನೂ ಇದರ ಮುಂದೆ ನಿವಾಳಿಸಿ ಎಸೀಬೇಕು" ಅಂತ ಬನಶಂಕರಮ್ಮ ಮೂಗಿನ ಮೇಲೆ ಬೆರಳಿಟ್ಟಿದ್ದರು.

ಒಂದು ಸಲ ಅದು ಕಾಲು ಮೇಲೆ ಮಾಡಿ ಅಂಗಾತ ಬಿದ್ದಿತ್ತು. ಹೇಮಾ ಕಾಲೇಜಿಗೆ ಹೋಗಿದ್ದಳು. "ಹೋಯ್ತು ಪಾಪ" ಅಂತ ಬನಶಂಕರಮ್ಮ ತೊಟ್ಟಿಯ ಪಕ್ಕ ದೀಪ ಹಚ್ಚಿ, ತುಳಸಿ ನೀರು ಚಿಮುಕಿಸಿ, ಯಾರಿಗೂ ಕಾಣದ ಹಾಗೆ ಸೆರಗಲ್ಲಿ ಕಣ್ಣೊರೆಸಿಕೊಂಡರು. ಸಂಜೆಗೆ ನೋಡಿದರೆ ತೊಟ್ಟಿಯಲ್ಲಿ ಎರಡು ಜೇಡ! ಒಂದು ಬಿಟ್ಟ ಪೊರೆ, ಇನ್ನೊಂದು ಹೊಸ ಮೈಯ ರೇಷ್ಮೆ. ತನ್ನ ತುಳಸಿ ನೀರಿನಿಂದಲೇ ಅದು ಬದುಕಿತು ಅಂತ ಅವರು ಈಗಲೂ ನಂಬಿದ್ದಾರೆ. ಆದರೆ ಕೈಯಲ್ಲಿ ಮುಟ್ಟು ಅಂದರೆ ಮಾತ್ರ ದೂರ!

ಈಗಿನ ಕಷ್ಟ ಬೇರೆ. ಹೇಮಾಳನ್ನು ನೋಡೋಕೆ ಬಂದ ಗಂಡುಗಳೆಲ್ಲ ಕಾಫಿ ಕುಡಿಯುವ ತನಕ ಚೆನ್ನಾಗಿಯೇ ಇರುತ್ತಿದ್ದರು. ತೊಟ್ಟಿ ನೋಡಿದ ಮೇಲೆ ಚಪ್ಪಲಿ ಬಿಟ್ಟು ಓಡಿದವನೂ ಇದ್ದ. "ನಾನು ಎಲ್ಲಿಗೆ ಹೋದ್ರೂ ರೇಷ್ಮೆ ನನ್ನ ಜೊತೆ ಬರುತ್ತೆ" ಅನ್ನುವುದು ಹೇಮಾಳ ಹಟ. ಬನಶಂಕರಮ್ಮ ಮನೆದೇವತೆ ಚೌಡೇಶ್ವರಿಗೆ ಹರಕೆ ಹೊತ್ತರು: "ತಾಯೀ, ನಮ್ಮನೆ ಬಾಗಿಲಿಗೆ ಗಂಡು ಬರೋ ಹಾಗೆ ಮಾಡು. ಸೀರೆ ಉಡಿಸ್ತೀನಿ."

ಹರಕೆ ಫಲಿಸಿತು. ಗೌರಿಬಿದನೂರಿನಿಂದ ಒಂದು ಸಂಬಂಧ ಬಂತು. ಹುಡುಗ ಚಂದ್ರಹಾಸ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಹೇಮಾ ಅವನನ್ನು ಯಾವುದೋ ಶಿಕ್ಷಕರ ತರಬೇತಿಯಲ್ಲಿ ನೋಡಿದ್ದಳಂತೆ. "ನಾನು ಜೇಡದ ವಿಷಯ ಮಾತಾಡಿದಾಗ ಎಲ್ಲರೂ ನಕ್ಕರು, ಅವರೊಬ್ಬರು ನಗಲಿಲ್ಲ" ಅಂದಳು, ಅಷ್ಟೇ. ಯಾವತ್ತೂ ಹೂ ಮುಡಿಯದ ಹುಡುಗಿ ಮಲ್ಲಿಗೆ ಮೊಗ್ಗು ತಂದು ತಾನೇ ಕಟ್ಟಿಟ್ಟದ್ದನ್ನು ತಾಯಿ ನೋಡಿದರು. ಈ ಸಂಬಂಧ ತಪ್ಪಬಾರದು ಅಂತ ಆಗಲೇ ಅವರು ನಿಶ್ಚಯಿಸಿಬಿಟ್ಟರು.

"ಅದಕ್ಕೇ ಅಕ್ಕಾ ಈ ಯಂತ್ರ! ಗಂಡಿನ ಕಡೆಯವರು ರೇಷ್ಮೆನ ನೋಡಿ ಯಾಕೆ ಹೆದರ್ತಾರೆ? ಮೂಕಪ್ರಾಣಿ ಅಂತ. ಅದೇ ಬಾಯಿಬಿಟ್ಟು ಮಾತಾಡಿಸಿದ್ರೆ?"

"ಇನ್ನೂ ಬೇಗ ಓಡ್ತಾರೆ!"

ಮಗ್ಗ ಓಡುವಾಗ ಅದರ ಅದುರಿಗೆ ರೇಷ್ಮೆ ಮುದುಡಿ ಕೂರುತ್ತಿದ್ದರಿಂದ ಜೇಡವಾಣಿ ಬಾಯಿ ಬಿಡುತ್ತಿರಲಿಲ್ಲ. ಕರೆಂಟು ಹೋಯಿತೋ, ಶುರು! ಕೋದಂಡ ಅದಕ್ಕೆ ಬ್ಯಾಟರಿ ಬೇರೆ ಸೇರಿಸಿದ್ದ. ಪಕ್ಕದ ಮನೆಯಾಕೆ ಹೆಸರುಬೇಳೆ ಕೇಳಿಕೊಂಡು ಹೊಸಿಲು ದಾಟಿದರೆ ಒಳಗಿಂದ "ಶನಿ ಬಂತು!" ಆಕೆ ಬೇಳೆಯೂ ಬೇಡ, ನಿಮ್ಮ ಸಹವಾಸವೂ ಬೇಡ ಅಂತ ಮುಖ ತಿರುಗಿಸಿ ಹೋದಳು. ಬನಶಂಕರಮ್ಮ ಹಿಂದೆಯೇ ಓಡಿ, "ನಾನಲ್ಲ ಕಣಮ್ಮಾ, ಜೇಡ ಅಂದಿದ್ದು!" ಅಂದರು. ಅದರಿಂದ ವಿಷಯ ಇನ್ನಷ್ಟು ಹದಗೆಟ್ಟಿತು.

ಒಂದು ಉಪಕಾರವೂ ಆಯಿತು. ನಲ್ಲಿಯಲ್ಲಿ ನೀರು ಬರುವ ಮುಂಚೆ ನೆಲದೊಳಗಿನ ಪೈಪು ಸಣ್ಣಗೆ ನಡುಗುತ್ತದೆ, ನಮಗೆ ನಿಮಗೆ ತಿಳಿಯಲ್ಲ. ರೇಷ್ಮೆಗೆ ತಿಳಿಯಿತು. "ನೀರು ಬಂತು! ನೀರು ಬಂತು!" ಕೂಗು ಕೇಳಿದ ಕೂಡಲೇ ಬೀದಿಗೆ ಬೀದಿಯೇ ಬಿಂದಿಗೆ ಹಿಡಿದು ಓಡಿತು. ಪಕ್ಕದ ಮನೆಯಾಕೆಯೂ ರಾಜಿಯಾದಳು. ಇಷ್ಟಾದ ಮೇಲೆ ಕೋದಂಡನನ್ನು ಹಿಡಿಯುವವರುಂಟೇ?

"ಬರೀ ಅದು ಮಾತಾಡಿದ್ರೆ ಸಾಕಾ ಅಕ್ಕಾ? ಸಂಭಾಷಣೆ ಬೇಡ್ವಾ?" ಅಂದವನೇ ಯಂತ್ರಕ್ಕೆ ಒಂದು ಸುತ್ತಿಗೆ ಜೋಡಿಸಿದ. ರೇಷ್ಮೆ ಕಾಲಲ್ಲಿ ಏನು ಕುಟ್ಟುತ್ತೋ ಅದನ್ನೇ ಸುತ್ತಿಗೆ ದೊಡ್ಡದು ಮಾಡಿ ಕುಟ್ಟುತ್ತೆ, ಹೊರಗಿನ ಜೇಡಗಳಿಗೆ ಕೇಳಿಸುತ್ತೆ, ಅವು ಉತ್ತರ ಕೊಡ್ತವೆ ಅನ್ನುವುದು ಲೆಕ್ಕ. ಸುತ್ತಿಗೆಯನ್ನು ಬೋಲ್ಟು ಹಾಕಿ ಕೂರಿಸಿದ್ದು ಎಲ್ಲಿಗೆ? ಮಗ್ಗದ ಕಬ್ಬಿಣದ ಚೌಕಟ್ಟಿಗೆ! ಮಗ್ಗ ನೆಲಕ್ಕೆ ಕಚ್ಚಿದೆ, ನೆಲ ಬೀದಿಗೆ ಅಂಟಿದೆ.

ಭಾನುವಾರ ಬಂತು. ಮಗ್ಗಗಳಿಗೆ ರಜೆ. ಬನಶಂಕರಮ್ಮ ತೊಟ್ಟಿಗೆ ಹಳೇ ಸೀರೆ ಹೊದಿಸಿ, ಮಗ್ಗದ ಕೋಣೆಯ ಬಾಗಿಲೆಳೆದು, ಯಂತ್ರದ ಪ್ಲಗ್ಗನ್ನು ಕಿತ್ತು, ಯಾರೂ ಮತ್ತೆ ಚುಚ್ಚದಂತೆ ವೈರಿನ ತುದಿಯನ್ನು ಸುತ್ತಿ ಕಟ್ಟಿಟ್ಟರು.

"ಅಮ್ಮಾ, ಮುಚ್ಚಿಡೋದು ನನಗಿಷ್ಟವಿಲ್ಲ" ಅಂದಳು ಹೇಮಾ.

"ಮೊದಲು ಕಾಫಿ ಕುಡೀಲಿ ಕಣೇ. ಕಾಫಿ ಒಳಗೆ ಹೋದ್ರೆ ಮನುಷ್ಯರು ಸ್ವಲ್ಪ ಮೆತ್ತಗಾಗ್ತಾರೆ. ಆಮೇಲೆ ನಾನೇ ಹೇಳ್ತೀನಿ."

ಬ್ಯಾಟರಿಯ ವಿಷಯ ಅವರಿಗೆ ಮರೆತೇಹೋಗಿತ್ತು.

ಹುಡುಗನ ತಾಯಿ ವಿಶಾಲಾಕ್ಷಮ್ಮ ಹೆಸರಿಗೆ ತಕ್ಕ ಹಾಗೆ ವಿಶಾಲವಾದ ಹೆಂಗಸು. ಬಲಗಾಲಿಟ್ಟು ಹೊಸಿಲು ದಾಟಿದರು. ನೆಲಕ್ಕೆ ಗೊತ್ತಾಯಿತು. ಬನಶಂಕರಮ್ಮ ಕೈಮುಗಿದು, ಬಾಯ್ತುಂಬ ನಕ್ಕು, "ಬನ್ನಿ" ಅನ್ನುವಷ್ಟರಲ್ಲಿ ಅವರದೇ ಧ್ವನಿ ಒಳಗಿಂದ ಕೂಗಿತು: "ಶನಿ ಬಂತು! ಶನಿ ಬಂತು!"

ವಿಶಾಲಾಕ್ಷಮ್ಮ ಬೀಗಿತ್ತಿಯಾಗುವಾಕೆಯ ಬಾಯನ್ನೇ ನೋಡಿದರು. "ಏನಂದ್ರಿ?"

"ಅದು... ಶನಿವಾರ ಬಂತು ಅಂತ..." ಕೋದಂಡ ಮಧ್ಯೆ ನುಗ್ಗಿದ.

"ಇವತ್ತು ಭಾನುವಾರ."

"ಅದೇ, ಬಂದು ಹೋಯ್ತು ಅಂತ!"

ಹೇಗೋ ಎಲ್ಲರೂ ಕೂತರು. ಮೂಲೆಯ ಕುರ್ಚಿಯಲ್ಲಿ ಹೇಮಾಳ ತಂದೆ ರಾಮಲಿಂಗಪ್ಪ. ಜೀವಮಾನವೆಲ್ಲ ಮಗ್ಗದ ಮುಂದೆ ಕಳೆದು ಅವರ ಕಿವಿ ಪೂರ್ತಿ ಮಂದ. ಯಾರು ಏನಂದರೂ ನಕ್ಕು ತಲೆಯಾಡಿಸುತ್ತಾರೆ. ಆ ಮನೆಯಲ್ಲಿ ನೆಮ್ಮದಿಯಾಗಿದ್ದವರು ಅವರೊಬ್ಬರೇ. ಕೇಸರಿಬಾತಿನ ತಟ್ಟೆಗಳನ್ನು ಇಟ್ಟ ಸದ್ದಿಗೆ ಒಳಗಿಂದ "ಊಟ ಬಂತು!" ಅಂತು. ಇದೊಂದು ಮಾತು ಸಂದರ್ಭಕ್ಕೆ ಸರಿಹೋದದ್ದರಿಂದ ಎಲ್ಲರೂ ತಟ್ಟೆ ಎತ್ತಿಕೊಂಡರು.

ಚಂದ್ರಹಾಸ ಪಾಪ ಸಂಕೋಚದ ಹುಡುಗ. ಭಯವಾದರೆ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ. ತಟ್ಟೆಯ ಅಂಚಿನ ಮೇಲೆ ಟಕಟಕ, ಟಕಟಕ ಅಂತ ಶುರುಮಾಡಿತು.

"ಚಂದ್ರೂ, ಬೆರಳು!" ಅಂದರು ತಾಯಿ. ಬೆರಳು ನಿಂತಿತು. ಸ್ವಲ್ಪ ಹೊತ್ತಿಗೆ ಕುರ್ಚಿಯ ಕೈಮೇಲೆ ಮತ್ತೆ ಟಕಟಕ. "ಚಂದ್ರೂ! ಹುಟ್ಟಿದಾಗಿಂದ ಇದೇ ಚಾಳಿ ನೋಡಿ, ಸ್ಕೂಲಲ್ಲೂ ಒದೆ ತಿಂದ."

ಈಗ ಒಂದು ವಿಷಯ ಹೇಳಬೇಕು. ಗಂಡು ಟ್ಯಾರಂಟುಲಾ ಹೆಣ್ಣಿನ ಬಿಲದ ಮುಂದೆ ಬಂದರೆ ಸುಮ್ಮನೆ ಒಳಗೆ ನುಗ್ಗುವುದಿಲ್ಲ. ಮರ್ಯಾದಸ್ಥ. ಮುಂಗಾಲಿನಲ್ಲಿ ನೆಲ ಕುಟ್ಟಿ "ಬರಬಹುದಾ?" ಅಂತ ಕೇಳುತ್ತದೆ. ಹೆಣ್ಣಿಗೆ ಇಷ್ಟವಾದರೆ ತಿರುಗಿ ಕುಟ್ಟುತ್ತದೆ. ಇಷ್ಟವಾಗದಿದ್ದರೆ ತಿಂದುಹಾಕುತ್ತದೆ. ಹೇಳಿ ಕಳಿಸ್ತೀವಿ, ಜಾತಕ ನೋಡ್ತೀವಿ ಅನ್ನೋ ನಾಟಕವೆಲ್ಲ ಅಲ್ಲಿಲ್ಲ.

ಚಂದ್ರಹಾಸನ ಬೆರಳು ಕುಟ್ಟಿದ್ದು ಸಾಕ್ಷಾತ್ ಅದೇ ತಾಳ!

"ಗಂಡು ಬಂತು!" ಅಂತು ಜೇಡವಾಣಿ. "ಗಂಡು ಬಂತು! ಗಂಡು ಬಂತು! ಒಪ್ಪಿಗೆ! ಒಪ್ಪಿಗೆ!"

ವಿಶಾಲಾಕ್ಷಮ್ಮನ ಹುಬ್ಬು ಹಣೆ ದಾಟಿತು. "ಏನ್ರೀ ಇದು? ಹುಡುಗಿ ಇನ್ನೂ ಕಾಫಿನೇ ತಂದಿಲ್ಲ, ಒಳಗೆ ನೀವೇ ಒಪ್ಕೊಂಡ್ಬಿಟ್ರಾ?"

ಅಷ್ಟರಲ್ಲಿ ಸುತ್ತಿಗೆ ಎದ್ದಿತು. ಢಂ ಢಂ! ಢಂ ಢಂ! ಮಗ್ಗದ ಕಬ್ಬಿಣವೆಲ್ಲ ಒಟ್ಟಿಗೆ ಮೊಳಗಿತು. ನೀರಿನ ಲೋಟಗಳು ಕುಣಿದವು. ರಾಮಲಿಂಗಪ್ಪನವರಿಗೆ ಕಿವಿಗೆ ಕೇಳಿಸದಿದ್ದರೂ ಕಾಲಿಗೆ ಕೇಳಿಸಿತು. "ಭಾನುವಾರ ಯಾರೋ ಮಗ್ಗ ಹಾಕಿದ್ದು?" ಅಂತ ಎದ್ದು ನಿಂತರು.

ಹೇಮಾ ಕಾಫಿ ತಟ್ಟೆ ಹಿಡಿದು ಬಂದಳು. ಮುಖ ಬಿಳಿಚಿಕೊಂಡಿತ್ತು, ಆದರೆ ಧ್ವನಿ ನಡುಗಲಿಲ್ಲ. "ಅಮ್ಮಾ, ಸಾಕು. ನೋಡಿ, ಕೂಗ್ತಿರೋದು ಅಮ್ಮ ಅಲ್ಲ. ನಾನು ಸಾಕಿರೋ ಜೇಡ. ಟ್ಯಾರಂಟುಲಾ. ನಾನು ಮದುವೆಯಾದ್ರೆ ಅದೂ ನನ್ನ ಜೊತೆ..."

ಮಾತು ಮುಗಿಯಲಿಲ್ಲ. ಸೂರಿನಿಂದ ಒಂದು ಜೇಡ ಎಳೆ ಹಿಡಿದು ಸರ್ರನೆ ಇಳಿದು ವಿಶಾಲಾಕ್ಷಮ್ಮನ ಮುಂದೆ ಅವಳು ಚಾಚಿದ್ದ ಕಾಫಿ ಲೋಟದ ಅಂಚಿನ ಮೇಲೆ ಕೂತಿತು. ಅದರ ಹಿಂದೆ ಇನ್ನೊಂದು. ಕಿಟಕಿಯಿಂದ ಒಂದು ಸಾಲು. ಬಚ್ಚಲ ತೂಬಿನಿಂದ ಒಂದು ಸಾಲು. ಕ್ಯಾಲೆಂಡರಿನ ಹಿಂದಿನವು, ಗಡಿಯಾರದ ಹಿಂದಿನವು, ಎದುರುಮನೆಯವು, ಹಿಂದಿನ ಬೀದಿಯವು! ಉದ್ದ ಕಾಲಿನವು, ಗಿಡ್ಡ ಕಾಲಿನವು, ಹಾರುವವು, ತೆವಳುವವು! ಬಿಳಿ ಗೋಡೆ ಹೋಗಿ ಕಪ್ಪು ಗೋಡೆ ಬಂತು!

ಕೋದಂಡ ಆನಂದದಿಂದ ಕುಣಿದ. "ಅಕ್ಕಾ! ಯಂತ್ರ ಗೆದ್ದಿತು! ಎಲ್ಲಾ ಗಂಡುಗಳೇ ಅಕ್ಕಾ! ರೇಷ್ಮೆ ಒಪ್ಪಿಗೆ ಅಂದಿದ್ದು ಬೀದಿಗೆಲ್ಲ ಕೇಳಿಸಿದೆ! ಯಾವ ಜಾತಿ ಜೇಡ ಅಂತ ವಿಚಾರಿಸೋ ಕೆಟ್ಟ ಬುದ್ಧಿ ನನ್ನ ಯಂತ್ರಕ್ಕಿಲ್ಲ! ಮನೆಗೆ ಗಂಡೇ ಬರ್ತಿಲ್ಲ ಅಂತ ಅಳ್ತಿದ್ಯಲ್ಲ, ನೋಡೀಗ!"

"ನಿನ್ನ ಮುಖಕ್ಕಿಷ್ಟು ಮಂಗಳಾರತಿ! ಮೊದಲು ಆರಿಸೋ ಅದನ್ನ!"

"ಆರಿಸೋ ಸ್ವಿಚ್ಚೇ ಇಟ್ಟಿಲ್ಲ ಅಕ್ಕಾ. ಮಾತಾಡೋರನ್ನ ಮಧ್ಯೆ ತಡೆಯೋದು ಸಭ್ಯತೆನಾ?"

ವಿಶಾಲಾಕ್ಷಮ್ಮ ಆಗಲೇ ಕುರ್ಚಿಯ ಮೇಲಿದ್ದರು. ಕುರ್ಚಿ ಅಳುತ್ತಿತ್ತು. ಚಂದ್ರಹಾಸ ಹೆದರಿ ಬೆರಳು ನಿಲ್ಲಿಸಿದ. ಅದೇ ತಪ್ಪಾಯಿತು! ತಾಳ ನಿಂತ ಕೂಡಲೇ ಗಂಡುಗಳಿಗೆಲ್ಲ ದಿಕ್ಕು ತಪ್ಪಿ, ಕಂಡಕಂಡ ಕಡೆ ಹತ್ತತೊಡಗಿದವು. ಕಂಡಕಂಡ ಕಡೆ ಅಂದರೆ ಮುಖ್ಯವಾಗಿ ವಿಶಾಲಾಕ್ಷಮ್ಮನ ಸೀರೆ.

"ನಿಲ್ಲಿಸಬೇಡಿ!" ಹೇಮಾ ಕೂಗಿದಳು. "ಕುಟ್ತಾನೇ ಇರಿ! ಅವು ನಿಮ್ಮ ತಾಳ ಹಿಡಿದು ಬರ್ತವೆ!"

ಚಂದ್ರಹಾಸ ಅಭ್ಯಾಸಬಲದಿಂದ ತಾಯಿಯ ಮುಖ ನೋಡಿದ. ವಿಶಾಲಾಕ್ಷಮ್ಮ ಸೀರೆ ಎತ್ತಿ ಹಿಡಿದು ಕಿರುಚಿದರು: "ಕುಟ್ಟೋ ಚಂದ್ರೂ! ಕುಟ್ಟೋ ನನ್ನಪ್ಪಾ!"

ಅವನ ಜೀವನದಲ್ಲೇ ಮೊದಲ ಸಲ ಅಪ್ಪಣೆ ಸಿಕ್ಕಿತ್ತು. ಕೇಸರಿಬಾತಿನ ತಟ್ಟೆ ಬೋರಲು ಹಾಕಿ ಹಿಡಿದು ಹತ್ತು ಬೆರಳಲ್ಲೂ ಬಾರಿಸಿದ. ಗೋಡೆಯೆಲ್ಲ ಅವನ ಕಡೆ ತಿರುಗಿತು. "ಹೊರಗೆ ಹೋಗೋಣ ಬನ್ನಿ, ಕೆರೆ ಏರಿ ಮೇಲೆ ದೊಡ್ಡ ಹುಣಸೆಮರ ಇದೆ" ಅಂತ ಹೇಮಾ ಮುಂದೆ ನಡೆದಳು. ಅವನು ಪಕ್ಕದಲ್ಲಿ. ಹಿಂದೆ ಊರಿನ ಅಷ್ಟೂ ಜೇಡಗಳ ದಿಬ್ಬಣ.

ಆದರೆ ಒಳಗಿನ ಸುತ್ತಿಗೆ ಬಿಡಬೇಕಲ್ಲ? "ಒಪ್ಪಿಗೆ! ಒಪ್ಪಿಗೆ!" ಅಂತ ಢಂಗುಟ್ಟಿ, ಹೊರಟವನ್ನು ಮತ್ತೆ ಒಳಗೆ ಕರೆಯುತ್ತಿತ್ತು. ಕೋದಂಡ ಸ್ಕ್ರೂಡ್ರೈವರ್ ಹುಡುಕುತ್ತಿದ್ದ. ಬನಶಂಕರಮ್ಮನಿಗೆ ರೇಗಿಹೋಯಿತು. ಮಗ್ಗದ ಕೋಣೆಗೆ ನುಗ್ಗಿ, ಸೀರೆ ಸಮೇತ ತೊಟ್ಟಿಯನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿದರು. ಪಟಪಟ ವೈರು ಕಿತ್ತವು. ಜೇಡವಾಣಿ "ಒಪ್ಪಿ..." ಅಂತ ಅರ್ಧಕ್ಕೆ ನಿಂತಿತು.

ಆಗ ಅವರಿಗೆ ಅರಿವಾಯಿತು, ತೊಟ್ಟಿಯ ಮುಚ್ಚಳ ಸರಿದಿತ್ತು. ರೇಷ್ಮೆ ಅವರ ಮಣಿಕಟ್ಟಿನ ಮೇಲೆ, ಬಳೆಗಳ ಪಕ್ಕ ಕೂತಿತ್ತು. ಹತ್ತಿಯಷ್ಟು ಹಗುರ. ಕಚ್ಚಲಿಲ್ಲ, ಓಡಲಿಲ್ಲ. ಪಾಪ, ಅದೂ ನಡುಗುತ್ತಿತ್ತು.

"ಹೆದರಿಕೊಂಡ್ಯಾ ಮಗಾ?" ಅಂದರು ಬನಶಂಕರಮ್ಮ. ಅವರ ಕಣ್ಣು ತುಂಬಿ ಬಂತು. ಹಾಗೆಯೇ ಪಡಸಾಲೆಗೆ ಬಂದು, ಇನ್ನೂ ಕುರ್ಚಿಯ ಮೇಲೇ ಇದ್ದ ವಿಶಾಲಾಕ್ಷಮ್ಮನ ಮುಂದೆ ನಿಂತರು.

"ನೋಡಿ, ನಾನು ಮುಚ್ಚಿಟ್ಟೆ, ತಪ್ಪು ನಂದೇ. ಇದು ನಮ್ಮನೆ ಮಗು. ಹೇಮಾ ಬೇಕೂಂದ್ರೆ ಇಬ್ರನ್ನೂ ಕರ್ಕೊಂಡು ಹೋಗಿ. ಬೇಡಾಂದ್ರೆ ಇಬ್ರೂ ನನಗೆ ಭಾರ ಅಲ್ಲ."

ವಿಶಾಲಾಕ್ಷಮ್ಮ ಜೇಡ ನೋಡಿದರು, ಬನಶಂಕರಮ್ಮನನ್ನು ನೋಡಿದರು, ತೆರೆದ ಬಾಗಿಲಿನಾಚೆ ನೋಡಿದರು. ಬೀದಿಯ ಎರಡೂ ಕಡೆ ಜನ. ತಟ್ಟೆ ಬಾರಿಸಿಕೊಂಡು ಮಗ ಹೋಗುತ್ತಿದ್ದ. ಪಕ್ಕದಲ್ಲಿ ಮಲ್ಲಿಗೆ ಮುಡಿದ ಹುಡುಗಿ ಏನೋ ಹೇಳುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಪಕ್ಕದ ಮನೆಯಾಕೆ ಏನು ತಿಳಿದುಕೊಂಡಳೋ, ಒಳಗಿಂದ ಅಕ್ಷತೆ ತಂದು ಎರಚಿಬಿಟ್ಟಳು!

"ಇಷ್ಟು ವರ್ಷ ಆ ಬೆರಳು ನಿಲ್ಲಿಸೋಕೆ ಒದ್ದಾಡಿದೆ" ಅಂದರು ವಿಶಾಲಾಕ್ಷಮ್ಮ ನಿಧಾನವಾಗಿ. "ಕುಟ್ಟು ಅಂದವಳು ನಿಮ್ಮ ಮಗಳೊಬ್ಬಳೇ. ಇನ್ನು ನಾನು ಬೇಡ ಅಂದ್ರೆ ತಾನೇ ಕೇಳೋರ್ಯಾರು? ಊರೆಲ್ಲ ಮೆರವಣಿಗೆ ನೋಡಿ ಆಯ್ತು, ಅಕ್ಷತೆನೂ ಬಿತ್ತು. ಮೊದಲು ನನ್ನನ್ನ ಕುರ್ಚಿಯಿಂದ ಇಳಿಸಿ. ಆಮೇಲೆ ಅದನ್ನ... ಸ್ವಲ್ಪ ದೂರ ಹಿಡ್ಕೊಂಡು ಮಾತಾಡಿ."

ರಾಮಲಿಂಗಪ್ಪನವರು ಬರಿಗಾಲನ್ನು ನೆಲಕ್ಕೊತ್ತಿ, ದೂರ ಹೋಗುತ್ತಿದ್ದ ತಾಳ ಆಲಿಸುತ್ತಿದ್ದರು. "ಹುಡುಗನ ಕೈ ಚೆನ್ನಾಗಿದೆ" ಅಂದರು. "ಎಳೆ ತುಂಡಾಗಲ್ಲ."

ತಾಂಬೂಲ ಬದಲಾಯಿಸುವಾಗ ವಿಶಾಲಾಕ್ಷಮ್ಮ ತಲೆಯಿಂದ ಬಲೆ ಬಿಡಿಸಿಕೊಳ್ಳುತ್ತಾ ಕೇಳಿದರು: "ಅಲ್ರೀ, ಇಷ್ಟೊಂದು ಗಂಡುಗಳು ಒಟ್ಟಿಗೆ ಬಂದಿದ್ದು ಹೇಗೆ? ಎಲ್ಲಾ ಆ ಯಂತ್ರದ ತಪ್ಪೇ?"

ಕೋದಂಡ ಎದೆ ಸೆಟೆಸಿ ಬಾಯಿ ತೆರೆದ. ಬನಶಂಕರಮ್ಮ ಬಿಡಲಿಲ್ಲ. ಚೌಡೇಶ್ವರಿಯ ಪಟದ ಕಡೆ ತಿರುಗಿ ಕೈಮುಗಿದರು.

"ಯಂತ್ರದ್ದೂ ಅಲ್ಲ, ತಾಯಿದೂ ಅಲ್ಲ. ಬಾಗಿಲಿಗೆ ಗಂಡು ಬರಲಿ ಅಂತ ಹರಕೆ ಹೊತ್ತ ನಂದೇ ತಪ್ಪು. ಎಷ್ಟು ಕಾಲಿನ ಗಂಡು ಅಂತ ಬಿಡಿಸಿ ಹೇಳಬೇಕಿತ್ತು."